ಕೆಂಪು ಮಣ್ಣು ಎಂದದ್ದೇ ತಪ್ಪಾಯಿತು

೧೯೭೯ರ ಬೇಸಿಗೆ. ನಾನಾಗ ಗುಬ್ಬಿಗೆ ಹೊಸದಾಗಿ ಬಂದ ಜೂನಿಯರ್ ಇಂಜಿನಿಯರ್. ವಸತಿ ಯೋಜನೆಯೊಂದರ ಸೈಟುಗಳ ಉಸ್ತುವಾರಿ ನನ್ನದು. ಅನುಭವ ಸೊನ್ನೆ, ಗತ್ತಿಗೆ ಮಾತ್ರ ಕಡಿಮೆಯಿರಲಿಲ್ಲ.

ಎಲ್ಲಕ್ಕಿಂತ ತಗ್ಗಿನಲ್ಲಿದ್ದದ್ದು ಟೈಲರ್ ನೂರ್ ಅಹಮದ್ ಅವರ ಸೈಟು. ಕೆಳಗೆಲ್ಲ ಎರೆ ಮಣ್ಣು. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವಂಥದ್ದು. ಹಿಂದಿನ ಮಳೆಗಾಲದಲ್ಲಿ ಅವರ ಹಳೇ ಮನೆ ಬಿದ್ದುಹೋಗಿ, ಹೆಂಡತಿ ಮತ್ತು ನಾಲ್ಕು ಮಕ್ಕಳೊಂದಿಗೆ ಭಾವನ ಮನೆಯ ಹಜಾರದಲ್ಲಿದ್ದರು. ಮುಂಗಾರಿಗೆ ಮೊದಲು ಸೈಟು ಸಿದ್ಧವಾಗದಿದ್ದರೆ ಇನ್ನೊಂದು ವರ್ಷ ಅಲ್ಲೇ. ಹಾಗಾಗಿ ದಿನವೂ ಅಂಗಡಿ ತೆಗೆಯುವ ಮುಂಚೆ ಸೈಟಿಗೆ ಬಂದು ನಿಲ್ಲುತ್ತಿದ್ದರು.

ಪರಿಹಾರ ನನಗೆ ಬಾಯಿಪಾಠವಾಗಿತ್ತು. ಎರೆ ಮಣ್ಣನ್ನು ನಾಲ್ಕಡಿ ತೆಗೆದು ಲ್ಯಾಟರೈಟ್ ತುಂಬುವುದು. ಅದು ಕಬ್ಬಿಣದ ಅಂಶವಿರುವ, ಹರಳು ಹರಳಾದ ಕೆಂಪು ಪದಾರ್ಥ, ನೀರಿಗೆ ಉಬ್ಬುವುದಿಲ್ಲ. ಒಂಬತ್ತು ಇಂಚಿಗೊಂದು ಪದರ ಹಾಕಿ, ನೀರು ಚಿಮುಕಿಸಿ, ಗಟ್ಟಿಯಾಗಿ ಬಡಿಯಬೇಕು. ಆದರೆ ಮಣ್ಣು ಹೊಡೆಯುವ ಟ್ರಾಕ್ಟರಿನ ಪುಟ್ಟಸ್ವಾಮಿಗೆ ಲ್ಯಾಟರೈಟ್ ಎಂದರೆ ತಿಳಿಯಲಿಲ್ಲ, ಊರವರು ಅದಕ್ಕೇನೆನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ. "ಕೆಂಪು ಮಣ್ಣು ಹಾಕಪ್ಪ" ಎಂದುಬಿಟ್ಟೆ. ಅವನು ಬೆಳ್ಳಾವಿ ಕಡೆಯ ಹೊಲವೊಂದರಿಂದ ಒಳ್ಳೇ ಕೆಂಪು ಮಣ್ಣು ತಂದು ಸುರಿದ. ಬಣ್ಣ ನೋಡಿ ನಾನೂ ಹಿಗ್ಗಿದೆ.

ಮೂರನೇ ಪದರ ಬಡಿಯುತ್ತಿದ್ದಾಗ ಕೂಲಿಯ ಗೌರಮ್ಮ ಕೈ ನಿಲ್ಲಿಸಿ ನನ್ನನ್ನು ಕರೆದರು.

"ಸಾಮಿ, ಇದು ರಾಗಿ ಬೆಳೆಯೋ ಮಣ್ಣು. ಮನೆ ಕಟ್ಟೋದಾದ್ರೆ ಗರಸು ಹಾಕ್ಸಿ."

ರಸ್ತೆ ಬದಿಯಿಂದ ಒಂದು ಹಿಡಿ ಗರಸು ತಂದೂ ಕೊಟ್ಟರು. ಟೀ ಅಂಗಡಿಯಿಂದ ಎರಡು ಗಾಜಿನ ಲೋಟ ಇಸಕೊಂಡು ನೀರು ತುಂಬಿಸಿದೆ. ಒಂದರಲ್ಲಿ ನನ್ನ ಕೆಂಪು ಮಣ್ಣು ನೋಡನೋಡುತ್ತ ಕರಗಿ ರಾಡಿಯಾಯಿತು. ಇನ್ನೊಂದರಲ್ಲಿ ಗರಸು ಕೂತಲ್ಲೇ ಕೂತಿತ್ತು. ವರ್ಷಗಟ್ಟಲೆ ಓದಿದ್ದ ಲ್ಯಾಟರೈಟ್ ಇದೇ! ಖುಷಿಯ ಬೆನ್ನಿಗೇ ಭಯವೂ ಬಂತು, ಮೂರು ಪದರ ಆಗಲೇ ಸುರಿದಾಗಿತ್ತು.

ಮೇಲೊಂದು ಪದರ ಗರಸು ಎಳೆದು ಮುಚ್ಚಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಯೋಚನೆ ನನಗೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೂ ಮರುದಿನ ಬೆಳಿಗ್ಗೆ ನೂರ್ ಅಹಮದ್ ಅವರಿಗೆ ಲೋಟಗಳನ್ನು ತೋರಿಸಿ, ತಪ್ಪು ನನ್ನದು, ಎಲ್ಲ ತೆಗೆಯಬೇಕು ಎಂದೆ. ಅವರ ಮುಖ ಬಾಡಿತು.

"ನೀವು ಹೇಳ್ದೆ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ ಸಾರ್?"

"ಎರಡು ಮಳೆಗಾಲ ಆದ್ಮೇಲೆ, ಗೋಡೆ ಬಿರುಕು ಬಿಟ್ಟಾಗ."

"ಅಷ್ಟೊತ್ತಿಗೆ ನಿಮಗೆ ಟ್ರಾನ್ಸ್‌ಫರ್ ಆಗಿರೋದು" ಎಂದು ಅಂಗಿಯ ತೋಳು ಮಡಚಿ, ಮಣ್ಣು ಹೊರುವ ಬಾಂಡ್ಲಿ ಎತ್ತಿಕೊಂಡರು. ನಾನೂ ಒಂದು ಎತ್ತಿಕೊಂಡೆ.

ಮಣ್ಣು ತೆಗೆದು ಗರಸು ತುಂಬಿದ ಆ ಹನ್ನೊಂದು ದಿನಗಳ ಹುರುಪು ಆಮೇಲೆ ಯಾವ ದೊಡ್ಡ ಸೇತುವೆ ಕಟ್ಟುವಾಗಲೂ ನನಗೆ ಬರಲಿಲ್ಲ. ಗೌರಮ್ಮ ಟ್ರಾಕ್ಟರ್ ಹತ್ತಿ ಊರಾಚೆಯ ಗರಸಿನ ದಿಣ್ಣೆ ತೋರಿಸಿದರು. ಬಂದ ಪ್ರತಿ ಲೋಡನ್ನೂ ಅಂಗೈಯಲ್ಲಿ ಉಜ್ಜಿ ನೋಡಿ, ಎರಡನ್ನು ವಾಪಸ್ಸು ಕಳಿಸಿದರು. ಪುಟ್ಟಸ್ವಾಮಿ ಗೊಣಗಿದ, ನಾನು ಅವರ ಪರ ನಿಂತೆ. ಕೊನೆಯ ಪದರ ಮುಗಿದ ಸಂಜೆಯೇ ಮಳೆ ಧೋ ಎಂದು ಸುರಿಯಿತು.

ಬೆಳಗಾಗುತ್ತಲೇ ಓಡಿದೆ. ಸುತ್ತಲೆಲ್ಲ ಕೆಸರು. ನಮ್ಮ ಸೈಟಿಗೆ ಹಾರೆ ಹಾಕಿದರೆ ಠಣ್ ಎಂದಿತು, ಎರಡು ಬೆರಳಷ್ಟೂ ಇಳಿಯಲಿಲ್ಲ. ನಾನು ಕುಣಿಯುವುದೊಂದೇ ಬಾಕಿ. ನೂರ್ ಅಹಮದ್ ಒದ್ದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಂಗೈಯಿಂದ ನೆಲ ತಟ್ಟಿ, "ಹೊಲಿಗೆ ಮಿಷನ್ ಇಲ್ಲೇ ಇಡ್ತೀನಿ" ಎಂದರು.

ಆಮೇಲೆ ಕುಣಿಗಲ್, ತುಮಕೂರು ಎಂದು ಎಷ್ಟೋ ಕಡೆ ವರ್ಗವಾಯಿತು. ಎಲ್ಲಿಗೆ ಹೋದರೂ, ಅಲ್ಲಿಯ ಮಣ್ಣಿಗೆ ಏನೆನ್ನುತ್ತಾರೆಂದು ಅದನ್ನು ಹೊರುವವರನ್ನೇ ಮೊದಲು ಕೇಳಿ, ಎಸ್ಟಿಮೇಟಿನಲ್ಲಿ ಅದೇ ಹೆಸರು ಬರೆದೆ. ಇಂಗ್ಲಿಷಿನಲ್ಲೂ ಇರಲಿ ಎಂದು ಮೇಲಧಿಕಾರಿಗಳು ಹಟ ಹಿಡಿದಾಗ, ಅದನ್ನು ಬ್ರಾಕೆಟ್ಟಿನೊಳಗೆ ಕೂರಿಸಿದೆ.