ರಜೆ ಅರ್ಜಿಯ ಅಕ್ಕ

ನಮ್ಮ ಕಚೇರಿಯ ಟಪಾಲು ವಿಭಾಗದ ಅಕ್ಕನಿಗೆ ಎರಡೇ ಕೈ ಎಂದರೆ ನಾನು ನಂಬಲಾರೆ. ಲಕೋಟೆಗೆ ಮುದ್ರೆ ಒತ್ತುತ್ತಲೇ ಬಟಾಣಿ ಸುಲಿಯುತ್ತಾರೆ, ಸುಲಿಯುತ್ತಲೇ ಫೋನಿನಲ್ಲಿ, “ಕನ್ನಡಕ ನಿಮ್ಮ ಹಣೆ ಮೇಲೇ ಇದೆ ಮಾವ, ಮುಟ್ಟಿ ನೋಡ್ಕೊಳ್ಳಿ” ಎನ್ನುತ್ತಾರೆ. ಹೇಗಿದ್ದೀರಿ ಎಂದು ಕೇಳಿದರೆ, “ಮಾವನಿಗೆ ಮಂಡಿ ನೋವು, ಮಗಳಿಗೆ ಪರೀಕ್ಷೆ, ಇವರಿಗೆ ನೆಗಡಿ” ಎಂದು ಇಡೀ ಮನೆಯ ವರದಿ ಒಪ್ಪಿಸುತ್ತಾರೆ. ಅದರಲ್ಲಿ ತಾವು ಮಾತ್ರ ಇರುವುದಿಲ್ಲ. ನಾವೂ ಆಕೆಯನ್ನು ಹೊಗಳಿ ಅಟ್ಟಕ್ಕೇರಿಸಿದ್ದೇವೆ. ಹೊಗಳಿದರೆ ನಮ್ಮ ಗಂಟೇನು ಹೋಗುತ್ತದೆ? ಅತ್ತೆ ಹಾಸಿಗೆ ಹಿಡಿದಿದ್ದ ಆರು ವರ್ಷವೂ ಅಕ್ಕನ ರಜೆ ಅರ್ಜಿಯಲ್ಲಿ ಇದ್ದದ್ದು ಒಂದೇ ಕಾರಣ: ಅತ್ತೆಗೆ ಹುಷಾರಿಲ್ಲ. ಕಳೆದ ವಾರ ಮೈ ಕೆಂಡದಂತೆ ಸುಡುತ್ತಿದ್ದರೂ ಕೆಲಸಕ್ಕೆ ಬಂದರು. ಮಧ್ಯಾಹ್ನದ ಹೊತ್ತಿಗೆ ಕೂರಲಾಗದೆ, ಎರಡು ದಿನದ ರಜೆಗೆ ಅರ್ಜಿ ಬರೆದುಕೊಟ್ಟರು. ಸಾಹೇಬರು ಓದಿ ತಲೆಯೆತ್ತಿದರು. “ಏನಮ್ಮಾ ಇದು, ಅತ್ತೆಗೆ ಹುಷಾರಿಲ್ಲ ಅಂತ ಬರ್ದಿದೀರಿ? ಅವರು ಹೋಗಿ ವರ್ಷ ಆಯ್ತಲ್ಲ!” “ಅಯ್ಯೋ, ಅಭ್ಯಾಸಬಲ ಸಾರ್” ಎಂದು ಅಕ್ಕ ಅರ್ಜಿಯನ್ನು ವಾಪಸು ತೆಗೆದುಕೊಂಡರು. ‘ಅತ್ತೆಗೆ’ ಎಂಬುದನ್ನು ಹೊಡೆದುಹಾಕಿ, ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಅದರ ಮೇಲೆ ‘ಮಾವನಿಗೆ’ ಎಂದು ಬರೆದರು.