ಗಿರಣಿಯ ಮಗ್ಗುಲಲ್ಲಿ ಪೇಟಿ ಅಂಗಡಿ

ಬಾಡಿಗೆಗೆ ಜಾಗ ನೋಡಲು ಹೋಗುವಾಗ ಪೇಟಿ ಒಯ್ಯಬಾರದು ಎಂಬ ಬುದ್ಧಿ ನನಗೆ ಬಂದದ್ದು ಐದನೆಯ ಜಾಗ ಕೈತಪ್ಪಿದ ಮೇಲೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ಅದನ್ನು ರಿಪೇರಿ ಮಾಡುವುದು ನನ್ನ ಕಸುಬು. ಬೆಳಗಾವಿಯಲ್ಲಿ ನಾನು ಕೂರುತ್ತಿದ್ದ ಖೋಲಿಯನ್ನು ಮಾಲೀಕರು ಮೊಬೈಲ್ ಅಂಗಡಿಗೆ ಕೊಟ್ಟರು. ನನಗೆ ಉಳಿದದ್ದು ಒಂದು ತಿಂಗಳ ಗಡುವು, ಗಿರಾಕಿಗಳ ಹನ್ನೊಂದು ಪೇಟಿ ಮತ್ತು ನನ್ನ ಹೆಸರಿನ ತಗಡಿನ ಬೋರ್ಡು. ಮೂರು ಸಲ ಅಂಗಡಿ ಬದಲಿಸಿದ್ದರಿಂದ ಆ ಬೋರ್ಡಿನ ಮೂಲೆಗಳೆಲ್ಲ ಮೊಳೆಯ ತೂತುಗಳಾಗಿದ್ದವು.

ಹೆಂಡತಿ "ಮನ್ಯಾಗ ಮಾಡ್ರಲಾ" ಅಂದಳು. ಮನೆಯಲ್ಲಿ ಕೂತವನ ಕಸುಬನ್ನು ಜನ ಹವ್ಯಾಸ ಅನ್ನುತ್ತಾರೆ, ಕೂಲಿ ಕೊಡಲು ಮರೆಯುತ್ತಾರೆ. ಅಂಗಡಿಯೇ ಬೇಕು ಎಂದು ನಾನು ಹಟ ಹಿಡಿದೆ.

ಹಟ ಸರಿ, ಆದರೆ ಚಟವೊಂದಿತ್ತು. ಖಾಲಿ ಖೋಲಿ ಕಂಡರೆ ನೆಲಕ್ಕೆ ಪೇಟಿ ಇಟ್ಟು ಒಂದು ಸ್ವರ ಹಿಡಿದು ನೋಡುವುದು. ಗೋಡೆ ದನಿಯನ್ನು ನುಂಗುತ್ತದೋ, ಬೀದಿಯ ಸದ್ದು ಒಳಗೆ ಬರುತ್ತದೋ ತಿಳಿಯಬೇಕಲ್ಲ! ಬೆಳಗಾವಿಯದೇ ಶಹಾಪುರ ಪೇಟೆಯ ಮನೆಯೊಡತಿಯೊಬ್ಬರು ಮೊದಲು ಖುಷಿಯಿಂದ ಕೇಳಿದರು. ಐದು ನಿಮಿಷವಾದರೂ ನಾನು ಅದೇ ಸ್ವರದಲ್ಲಿದ್ದೆ.

"ಮಾಸ್ತರ, ಮುಂದಿಂದು ನಿಮಗ ಬರಂಗಿಲ್ಲೇನ್ರಿ?"

"ಮುಂದಿಂದು ಬಾರಿಸೂದು ಗಿರಾಕಿಗಳ ಕೆಲಸರೀ. ನಂದು ಇಷ್ಟ."

"ದಿನಾ ಇದನ್ನ ಕೇಳಬೇಕ? ಬ್ಯಾಡ್ರಿ ನಮಗ" ಎಂದು ಬಾಗಿಲು ತೋರಿಸಿದರು. ಅವರದೇನೂ ತಪ್ಪಿಲ್ಲ. ಉಳಿದ ಕಡೆ ಬೀದಿಯ ಸದ್ದೇ ಒಳಗೆ ಕೂತಿತ್ತು. ಸದ್ದಿಲ್ಲದ ಜಾಗಗಳೂ ಇದ್ದವು, ಆದರೆ ಅವುಗಳ ಬಾಡಿಗೆ ಕೇಳಿದರೆ ಬಾಯಿ ಒಣಗುತ್ತಿತ್ತು.

ಹಾಗೆ ನೋಡಿದರೆ ಪೇಟಿಯೂ ನನ್ನಂಥದೇ ಬಾಡಿಗೆದಾರ. ಕಡಲಾಚೆಯಿಂದ ಬಂದಾಗ ಅದಕ್ಕೆ ಉದ್ದ ಕಾಲುಗಳಿದ್ದವು, ಕುರ್ಚಿಯಲ್ಲಿ ಕೂತು ಬಾರಿಸಬೇಕಿತ್ತು. ಇಲ್ಲಿಯ ಜನ ನೆಲದಲ್ಲಿ ಕೂರುವುದನ್ನು ಕಂಡು ಕಾಲು ಬಿಟ್ಟುಕೊಟ್ಟು ಚಾಪೆಗೆ ಇಳಿಯಿತು. ಆದರೂ ಸಂಗೀತದ ದೊಡ್ಡವರು ಬಹಳ ಕಾಲ ಅದನ್ನು ಅನುಮಾನದಿಂದಲೇ ನೋಡಿದರು. ಅದು ಹಟ ಬಿಡಲಿಲ್ಲ, ಈಗ ಭಜನೆಗೂ ಬೇಕು, ಹಾಡಿನ ಬೈಠಕ್ಕಿಗೂ ಬೇಕು. ನಾನೂ ಒಂದಿಷ್ಟು ಕೆಳಗಿಳಿದರೆ ತಪ್ಪೇನು ಅನ್ನಿಸಿ ಹತ್ತಿರದ ಸಣ್ಣ ಊರು ಖಾನಾಪುರದ ಬಸ್ಸು ಹತ್ತಿದೆ. ಪೇಟಿಯನ್ನು ಮನೆಯಲ್ಲೇ ಬಿಟ್ಟೆ.

ಖಾನಾಪುರದಲ್ಲಿ ಸಿಕ್ಕ ಖೋಲಿಯ ಬಾಡಿಗೆ ಬೆಳಗಾವಿಯ ಕಾಲುಭಾಗ. ಕಾರಣ ಬಾಗಿಲಲ್ಲೇ ಕೇಳಿಸಿತು: ಗೋಡೆಯ ಆಚೆ ಹಿಟ್ಟಿನ ಗಿರಣಿ. ಎರಡಕ್ಕೂ ಒಬ್ಬರೇ ಮಾಲೀಕರು, ಪಾರೀಸಣ್ಣ. ತಲೆಯಿಂದ ರೆಪ್ಪೆಯವರೆಗೆ ಜೋಳದ ಹಿಟ್ಟು. "ಇಲ್ಲಿ ಯಾರೂ ನಿಂದ್ರಂಗಿಲ್ಲರಿ, ತಲಿ ಹಿಡೀತದ. ನೀವು ನಿಂದ್ರತೀರೇನು?" ಎಂದು ಕೂಗಿ ಕೇಳಿದರು. "ನಿಂದ್ರತೇನ್ರಿ" ಎಂದು ನಾನೂ ಕೂಗಿದೆ.

ಶ್ರುತಿ ಮಾಡಲು ನಿಶ್ಶಬ್ದ ಬೇಕು. ಅದನ್ನು ಕೊಟ್ಟದ್ದು ಪಾರೀಸಣ್ಣನವರ ಧರ್ಮ. ಜೈನರಾದ ಅವರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ಬಿಸಿಲು ಇಳಿಯುತ್ತಲೇ ಗಿರಣಿ ಬಂದ್ ಮಾಡಿ ಮನೆಗೆ ಹೋಗುತ್ತಾರೆ. ಹಗಲೆಲ್ಲ ನಾನು ಮರ ಉಜ್ಜಿ, ಗಾಳಿ ಊದುವ ತಿದಿಗೆ ಚರ್ಮ ಅಂಟಿಸಿ, ಆಮೇಲೆ ಸ್ವರ ಹಿಡಿಯುತ್ತೇನೆ. ಬೆಳಗಾವಿಯ ಕೊನೆಯ ಬಸ್ಸಿನವರೆಗೆ ಆ ಮೌನ ನನ್ನದು.

ವರ್ಷ ತುಂಬಿದ ದಿನ ಪಾರೀಸಣ್ಣ ಗಂಟಲು ಸರಿಮಾಡಿಕೊಂಡು ಬಂದರು. ಬಾಡಿಗೆ ಏರಿಸುವ ಮಾತೇ ಇರಬೇಕು ಅಂದುಕೊಂಡೆ. ಏರಿಸಿದರೆ ಬಸ್ಸಿನ ಖರ್ಚೂ ಸೇರಿ ನಾನು ಮುಳುಗಿದಂತೆಯೇ. ಆದರೆ ನಾಲ್ಕು ದಿನದಿಂದ ಬೇರೊಂದು ಸಂಗತಿ ನನ್ನ ಕಿವಿ ಕೊರೆಯುತ್ತಿತ್ತು. ಅದನ್ನೇ ಮೊದಲು ಹೇಳಿಬಿಟ್ಟೆ: "ಅಣ್ಣಾರ, ನಿಮ್ಮ ಗಿರಣಿ ಅರ್ಧ ಸ್ವರ ಇಳದದ ನೋಡ್ರಿ."

"ಗಿರಣಿಗೂ ಸ್ವರಾ?" ಎಂದು ನಕ್ಕು, ಅನುಮಾನದಿಂದಲೇ ಹೋಗಿ ನೋಡಿದರು. ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ಸಡಿಲಾಗಿ ಅಂಚು ಹರಿದಿತ್ತು. ಇನ್ನೆರಡು ದಿನಕ್ಕೆ ತುಂಡಾಗಿ ಯಾರ ಮೈಗೋ ಬಡಿಯುತ್ತಿತ್ತು. ಮರಳಿ ಬಂದು ಹೊಸ್ತಿಲಲ್ಲಿ ಕೂತರು.

"ಬಾಡಿಗಿ ಹಂಗ ಇರ್ಲಿ ಬಿಡ್ರಿ. ನೀವು ಕಿವಿ ಇಲ್ಲೇ ಇಡ್ರಿ."

ಯಾವ ಸದ್ದಿಗೆ ಹೆದರಿ ಊರೆಲ್ಲ ಅಲೆದೆನೋ ಅದೇ ನನ್ನನ್ನು ಉಳಿಸಿತು. ಖರೇ ಹೇಳುತ್ತೇನೆ, ಆ ದಿನ ಕಣ್ಣು ತುಂಬಿ ಬಂತು.

ಮರುವಾರ ಪೇಂಟರನ್ನು ಕರೆಸಿದೆ. ತೂತುಬಿದ್ದ ಹಳೆಯ ಬೋರ್ಡನ್ನು ತಿರುಗಿಸಿ ನೋಡಿ ಅವನು, "ಹೊಸಾ ತಗಡ ತರ್ಲೇನ್ರಿ? ನಾಳೆ ಜಾಗಾ ಬಿಟ್ರ ಬಿಚ್ಚಿಕೊಂಡು ಹೋಗಾಕ ಬರತದ" ಅಂದ.

"ತಗಡ ಬ್ಯಾಡ" ಎಂದು ಅಂಗಡಿಯ ಗೋಡೆ ತೋರಿಸಿದೆ. "ಗ್ವಾಡಿಗೇ ಬರಿ."