ಸೋಮವಾರ ಕುಡುಗೋಲು ಮುಟ್ಟದ ಕಾಂತಮ್ಮ

ನಮ್ಮ ಪಕ್ಕದ ಮನೆಯ ಕಾಂತಮ್ಮನಿಗೆ ವರ್ಷದಲ್ಲಿ ಮೂರೇ ತಿಂಗಳು ಜಮೀನು. ಉಳಿದ ಒಂಬತ್ತು ತಿಂಗಳು ಅದರ ಮೇಲೆ ಅಣೆಕಟ್ಟಿನ ಹಿನ್ನೀರು ನಿಂತಿರುತ್ತದೆ. ಅವಳ ಮಾವನ ಕಾಲದಲ್ಲಿ ಮುಳುಗಿದ ಗದ್ದೆ. ಕಾಗದದಲ್ಲಿ ಅದು ಸರ್ಕಾರದ್ದು, ಕಾಂತಮ್ಮನ ಬಾಯಲ್ಲಿ ಇಂದಿಗೂ “ನಮ್ಮ ಕೆಳಗಿನ ಗದ್ದೆ”. ಶಿವರಾತ್ರಿ ಹೊತ್ತಿಗೆ ನೀರು ಇಳಿದು ಮಾವ ನೆಟ್ಟ ಗಡಿಕಲ್ಲು ಕಂಡರೆ ಸಾಕು, ನೀರು ಬಿಟ್ಟುಹೋದ ಹಸಿ ಗೋಡುಮಣ್ಣಿನಲ್ಲಿ ರಾಗಿ ಚೆಲ್ಲಿಬಿಡುತ್ತಾಳೆ. ಜೂನಿನ ಮೃಗಶಿರ ಮಳೆಗೆ ನೀರು ಏರುವ ಮೊದಲು ಕೊಯ್ಲು. ಸಿಕ್ಕುವ ಮೂರು ಮೂಟೆಯೇ ಮಳೆಗಾಲದ ಊಟ. ಆಗ ಅವಳು ಕೂಲಿಗೆ ಹೋಗುವ ಎಸ್ಟೇಟಿನಲ್ಲಿ ದಿನಾ ಕೆಲಸ ಇರುವುದಿಲ್ಲ. ಗಂಡ ನಂಜಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ದುಡಿಯುವವಳು ಅವಳೊಬ್ಬಳೇ.

ಈ ಸಲ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಭಾನುವಾರ ಸಂಜೆ ನೋಡಿದರೆ ಗಡಿಕಲ್ಲಿನ ಬುಡದಲ್ಲಿ ನೀರು.

“ಕಾಂತಕ್ಕ, ನಾಳೆ ಬೆಳಿಗ್ಗೆನೇ ಕೊಯ್ದುಬಿಡಣ, ನಾನೂ ಬತ್ತೀನಿ” ಎಂದೆ.

“ನಾಳೆ ಸೋಮವಾರ ಕಣವ್ವ. ಮಂಗಳವಾರ ಕೊಯ್ದ್ರಾಯ್ತು. ಮೃಗಶಿರಕ್ಕೆ ಮುಂಚೆ ನೀರು ಯಾವತ್ತು ಬಂದೈತೆ?”

ಸೋಮವಾರ ಅವರ ಮನೆಯಲ್ಲಿ ಶಿವನ ದಿನ. ಎತ್ತು ಹೂಡುವುದಿಲ್ಲ, ಪೈರಿಗೆ ಕುಡುಗೋಲು ಹಾಕುವುದಿಲ್ಲ. ಎತ್ತು ಮಾರಿ ಹತ್ತು ವರ್ಷವಾಯಿತು, ನೇಮ ಮಾತ್ರ ಉಳಿದಿತ್ತು. ನನಗೆ ಮೈಯೆಲ್ಲ ಉರಿಯಿತು. ಆದರೂ ಒತ್ತಾಯಿಸದೆ ಮನೆಗೆ ಬಂದೆ, ಅದೇ ನನ್ನ ತಪ್ಪು.

ಬೆಳಗಾಗುವಾಗ ಗಡಿಕಲ್ಲು ಮುಳುಗಿತ್ತು. ಹತ್ತು ಗಂಟೆಗೆ ರಾಗಿಯ ಅರ್ಧಕ್ಕೆ ನೀರು. ಕಾಂತಮ್ಮ ದಂಡೆಯಲ್ಲಿ ಬರಿಗೈಯಲ್ಲಿ ನಿಂತು, “ಅಪ್ಪಾ, ನಾಳೆ ಬೆಳಿಗ್ಗೆವರ್ಗೂ ತಡ್ಕೊ, ನಿನ್ ದಿನಾನೇ ಅಲ್ವಾ ಇದು” ಎಂದು ಬೇಡುತ್ತಿದ್ದಳು. ನಾನು ಓಡಿಹೋಗಿ ಅವರ ಮನೆಯ ಕುಡುಗೋಲು ಎತ್ತಿದೆ. ಜಗಲಿಯಲ್ಲಿ ಮಲಗಿದ್ದ ನಂಜಪ್ಪ ಕೂಗಿದ: “ಬ್ಯಾಡ ಕಣವ್ವ, ಇಟ್ಬಿಡು. ಈ ಮನೇಲಿ ಯಾರೂ ನೇಮ ಮುರ್ದಿಲ್ಲ.” ಕುಡುಗೋಲು ಅಲ್ಲೇ ಇಟ್ಟು ದಂಡೆಗೆ ವಾಪಸು ಬಂದೆ.

ಮಧ್ಯಾಹ್ನಕ್ಕೆ ತೆನೆಗಳಷ್ಟೇ ಮೇಲೆ ಕಾಣುತ್ತಿದ್ದವು. ಕಾಂತಮ್ಮ ಒಮ್ಮೆಲೇ ನೀರಿಗೆ ಇಳಿದಳು. ಆಗಲೂ ಕುಡುಗೋಲು ಮುಟ್ಟಲಿಲ್ಲ. ಕೈಯಲ್ಲೇ ತೆನೆ ಮುರಿದು ಮಡಿಲಿಗೆ ತುಂಬಿಕೊಂಡಳು, ಬೆರಳು ಸೀಳಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಎದೆಮಟ್ಟ ನೀರು ಬಂದಾಗ ನಾನೇ ಸೆರಗು ಹಿಡಿದು ಎಳೆದು ತಂದೆ. ಸಿಕ್ಕಿದ್ದು ಒಂದು ಕುಕ್ಕೆ. ಒಣಗಿಸಲು ಬಿಸಿಲೇ ಇಲ್ಲ, ಒಲೆಯ ಪಕ್ಕ ಹರಡಿದ್ದೂ ಮೊಳಕೆ ಒಡೆಯಿತು.

ಗುರುವಾರ ಅಣೆಕಟ್ಟಿನ ಗೇಟು ತೆಗೆದರಂತೆ. ಭಾನುವಾರದ ಹೊತ್ತಿಗೆ ನೀರು ಇಳಿದು ಗಡಿಕಲ್ಲು ಮತ್ತೆ ಕಂಡಿತು. ರಾಗಿಯೆಲ್ಲ ಗೋಡಿಗೆ ಅಂಟಿ ಕಪ್ಪಾಗಿ ಕೊಳೆತಿತ್ತು.

ಮರುದಿನ ಸೋಮವಾರ. ಕಾಂತಮ್ಮ ಕುಡುಗೋಲು ತೆಗೆದುಕೊಂಡು ಗದ್ದೆಗೆ ಹೊರಟಳು. ನಂಜಪ್ಪ ನೋಡಿದ, ಬೇಡ ಎನ್ನಲಿಲ್ಲ. ಅಲ್ಲಿ ಕೊಯ್ಯುವುದಕ್ಕೆ ಏನೂ ಇರಲಿಲ್ಲ.